ಪಕ್ಕದ ಹಲ್ಲು ಕಿತ್ತ ಮೇಲೆ ಏನು ಮಾಡಬಹುದು?

ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ನಿಮ್ಮ ತಂದೆಯವರ ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಿದ್ದಾರೆ, ಈಗ ಶುಲ್ಕ ವಾಪಸ್ ಕೊಟ್ಟು ಒಂದು ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ, ತುಮಕೂರಿನಲ್ಲಿರುವ ನೀವು ಮಾಡಬೇಕಾದುದೇನು ಎಂದು ಕೇಳಿದ್ದೀರಿ. ನಾನು ವಕೀಲನಲ್ಲ, ದಂತವೈದ್ಯನೂ ಅಲ್ಲ. ರೂಟ್ ಕೆನಾಲ್ ಮಾಡುವಾಗ ಮುರಿದ ಫೈಲಿನ (ಹಲ್ಲಿನ ಬೇರಿನೊಳಗನ್ನು ಕೆರೆಯುವ ಸೂಜಿಯಂಥ ಸಣ್ಣ ಉಪಕರಣ) ಚೂರೊಂದು ನನ್ನ ದವಡೆಹಲ್ಲಿನಲ್ಲೇ ಉಳಿದು, ಎಂಟು ತಿಂಗಳ ನಂತರ ಬೇರೊಬ್ಬ ವೈದ್ಯರ ಎಕ್ಸ್‌ರೇಯಲ್ಲಿ ಕಾಣಿಸಿಕೊಂಡಿದ್ದರಿಂದ ಈ ವಿಷಯದಲ್ಲಿ ಒಂದಷ್ಟು ಅಲೆದಾಡಿದವನು.

ಸದ್ಯಕ್ಕೆ ಸಹಿ ಹಾಕಬೇಡಿ. ಅಂಥ ಕಾಗದಗಳಲ್ಲಿ ಸಾಮಾನ್ಯವಾಗಿ "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಎಂಬ ಸಾಲು ಇರುತ್ತದೆ. ಜಗಳಕ್ಕೂ ಹೋಗಬೇಡಿ, ನಾನು ಮೊದಲ ದಿನವೇ ಕೂಗಾಡಿದ್ದರ ಫಲವಾಗಿ ಮರುದಿನ ನನ್ನ ಕಡತವೇ "ಸಿಗುತ್ತಿಲ್ಲ" ಎಂದಾಯಿತು. ಕೇಸ್ ಶೀಟ್, ಒಪ್ಪಿಗೆ ಪತ್ರ, ಎಕ್ಸ್‌ರೇ ಮತ್ತು ಬಿಲ್ಲಿನ ಪ್ರತಿಗಳನ್ನು ಲಿಖಿತವಾಗಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಅದೇ ಮನವಿಯನ್ನು ಇಮೇಲ್ ಮಾಡಿ.

ಆ ಕಾಗದಗಳಲ್ಲಿ ಹಲ್ಲಿನ ಸಂಖ್ಯೆಯನ್ನು ನೋಡಿ. ದಂತವೈದ್ಯರು ಹಲ್ಲನ್ನು ಎರಡು ಅಂಕಿಗಳಲ್ಲಿ ಗುರುತಿಸುತ್ತಾರೆ: ಮೊದಲನೆಯದು ಬಾಯಿಯ ಯಾವ ಕಾಲುಭಾಗ ಎಂಬುದನ್ನೂ, ಎರಡನೆಯದು ಮುಂದಿನ ನಡುಹಲ್ಲಿನಿಂದ ಎಣಿಸಿದರೆ ಎಷ್ಟನೆಯದು ಎಂಬುದನ್ನೂ ಹೇಳುತ್ತದೆ. ಬಲಗಡೆ ಕೆಳಗಿನ ಆರನೆಯ ಹಲ್ಲು 46, ಅದರ ಹಿಂದಿನದು 47. ಒಪ್ಪಿಗೆ ಪತ್ರದಲ್ಲಿ 47 ಎಂದಿದ್ದು, ಈಗ ತೆಗೆಸಿದ ಒಪಿಜಿ (ಎಲ್ಲ ಹಲ್ಲುಗಳೂ ಒಟ್ಟಿಗೆ ಕಾಣುವ) ಎಕ್ಸ್‌ರೇಯಲ್ಲಿ 46ರ ಜಾಗ ಖಾಲಿ ಕಂಡರೆ ವಾದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ತಪ್ಪು ಇಷ್ಟು ಎದ್ದು ಕಾಣುವಾಗ ಪ್ರತಿ ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೂ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಕಿತ್ತ ಜಾಗಕ್ಕೆ ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲು) ಅಥವಾ ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ನಿಲ್ಲುವ ಕೃತಕ ಹಲ್ಲು) ಹಾಕಿಸಲು ಆಗುವ ವೆಚ್ಚದ ಅಂದಾಜನ್ನೂ ಬರೆಸಿಕೊಳ್ಳಿ. ನಿಮ್ಮ ನಷ್ಟ ಆ ಮೊತ್ತವೇ ಹೊರತು ಹಲ್ಲು ಕೀಳಲು ಕೊಟ್ಟ ಶುಲ್ಕವಲ್ಲ.

ಆದ ತೊಂದರೆಯೆಲ್ಲವೂ ನಿರ್ಲಕ್ಷ್ಯವಲ್ಲ ಎಂಬುದನ್ನೂ ಒಪ್ಪಬೇಕು. ಬುದ್ಧಿಹಲ್ಲು ತೆಗೆದ ಮೇಲೆ ಕೆಲವರಿಗೆ ತುಟಿ ಜೋಮು ಹಿಡಿಯುತ್ತದೆ, ಫೈಲು ನುರಿತವರ ಕೈಯಲ್ಲೂ ಮುರಿಯುತ್ತದೆ. ನನ್ನ ಪ್ರಕರಣದಲ್ಲಿ ತಪ್ಪಾದದ್ದು ಫೈಲು ಮುರಿದದ್ದಲ್ಲ, ಅದನ್ನು ನನಗೆ ಹೇಳದೆ ಮುಚ್ಚಿ ಕ್ಯಾಪ್ ಹಾಕಿದ್ದು. ಎಕ್ಸ್‌ರೇ ಮುಂದಿಟ್ಟಾಗ ವೈದ್ಯರು ತಜ್ಞರ ಬಳಿ ಮರುಚಿಕಿತ್ಸೆಯ ಖರ್ಚನ್ನು ಕೊಟ್ಟರು, ನಾನು ಅಲ್ಲಿಗೇ ಬಿಟ್ಟೆ. ನಿಮ್ಮದು ಅಂಥದ್ದಲ್ಲ; ಬೇರೆ ಹಲ್ಲನ್ನು ಕೀಳುವುದು ಯಾವ ಚಿಕಿತ್ಸೆಯ ಸಹಜ ಅಪಾಯವೂ ಅಲ್ಲ.

ಮಾತುಕತೆ ಫಲಿಸದಿದ್ದರೆ ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂಬುದು 1995ರಲ್ಲೇ ಇತ್ಯರ್ಥವಾಗಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ತಂದೆಯವರೂ ತುಮಕೂರಿನಲ್ಲೇ ಇದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಬೇಕು; ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರಾಜ್ಯ ದಂತವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು, ಆದರೆ ಅಲ್ಲಿ ಸಿಗುವುದು ಶಿಸ್ತುಕ್ರಮ, ಪರಿಹಾರವಲ್ಲ. ಪೊಲೀಸರ ಬಳಿ ಹೋಗುವ ಯೋಚನೆ ನನಗೆ ಸರಿಕಾಣದು: ಕ್ರಿಮಿನಲ್ ಹೊಣೆಗೆ ನಿರ್ಲಕ್ಷ್ಯ ತೀರಾ ಗಂಭೀರವಾಗಿರಬೇಕು ಎಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ.

ಇಷ್ಟರ ನಡುವೆ ಹುಳುಕು ಹಲ್ಲು ತಂದೆಯವರ ಬಾಯಲ್ಲಿ ಹಾಗೆಯೇ ಇದೆ. ದೂರಿನ ನೆಪದಲ್ಲಿ ಅದರ ಚಿಕಿತ್ಸೆಯನ್ನು ಮುಂದೂಡಬೇಡಿ, ಆದರೆ ಹೊಸ ವೈದ್ಯರು ಅದನ್ನು ಮುಟ್ಟುವ ಮೊದಲೇ ಒಪಿಜಿ ತೆಗೆಸಿ, ದಿನಾಂಕವಿರುವ ಅದರ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.