ಸಂಪಾದಕರ ಉತ್ತರ: ಬಹಿಷ್ಕಾರ ಯಾರಿಗೆ?

ದಾವಣಗೆರೆಯಿಂದ ಬಂದ ಪತ್ರದ ಸಾರ ಇಷ್ಟು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮೆಚ್ಚಿನ ಗಾಯಕನ ಕಾರ್ಯಕ್ರಮಕ್ಕೆ ಕರೆದೊಯ್ಯುತ್ತೇನೆಂದು ತಾಯಿ ಮಗಳಿಗೆ ಮಾತು ಕೊಟ್ಟಿದ್ದರು. ಟಿಕೆಟ್ ತಿಂಗಳುಗಳ ಮೊದಲೇ ಕೊಂಡದ್ದಾಗಿತ್ತು. ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಬಂದು, ಗಾಂಧಿನಗರದಲ್ಲಿ ರೂಮು ಮಾಡಿ, ಊರಾಚೆಯ ಮೈದಾನದ ಗೇಟಿನ ಮುಂದೆ ಬಿಸಿಲಲ್ಲಿ ಸಾಲು ನಿಂತರು. ಏಳು ಗಂಟೆಯ ಕಾರ್ಯಕ್ರಮ ‘ಅನಿವಾರ್ಯ ಕಾರಣಗಳಿಂದ’ ರದ್ದಾಗಿದೆ ಎಂಬ ಸುದ್ದಿ ಸಿಕ್ಕಿದ್ದು ನಾಲ್ಕೂ ಇಪ್ಪತ್ತಕ್ಕೆ, ಪಕ್ಕದಲ್ಲಿ ನಿಂತಿದ್ದ ಹುಡುಗನ ಇನ್‌ಸ್ಟಾಗ್ರಾಮ್‌ನಿಂದ. ಗೇಟಿನ ಸೆಕ್ಯೂರಿಟಿಯವರಿಗೆ ಆಗಲೂ ಗೊತ್ತಿರಲಿಲ್ಲ. ‘ಇಂಥ ಗಾಯಕರನ್ನು ಬಹಿಷ್ಕರಿಸಿ ಎಂದು ನಿಮ್ಮ ಪತ್ರಿಕೆ ಕರೆ ಕೊಡಬೇಕು’ ಎಂಬುದು ಪತ್ರದ ಆಗ್ರಹ.

ಮೇಡಂ, ನಮಸ್ಕಾರ.

ಕರೆ ಕೊಡುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಓದಿಸಿ ಆಮೇಲೆ ಇಲ್ಲ ಎನ್ನುವುದು ನಾಲ್ಕೂ ಇಪ್ಪತ್ತಕ್ಕೆ ಕಾರ್ಯಕ್ರಮ ರದ್ದು ಮಾಡಿದಷ್ಟೇ ಕೆಟ್ಟದ್ದು. ಆದರೆ ನಿಮ್ಮ ಸಿಟ್ಟು ಸುಳ್ಳಲ್ಲ. ಪತ್ರದ ಜೊತೆ ಕಳಿಸಿದ ರಸೀದಿಗಳನ್ನು ಮೇಜಿನ ಮೇಲೆ ಹರಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಟಿಕೆಟ್ 2,999ರಂತೆ ಎರಡು. ಅದರ ಮೇಲೆ ತಲಾ 300 ರೂಪಾಯಿ ‘ಕನ್ವೀನಿಯನ್ಸ್ ಫೀ’, ಆ ಶುಲ್ಕಕ್ಕೆ ಮತ್ತೆ ಶೇ 18 ಜಿಎಸ್‌ಟಿ. ಹೀಗೆ ಬರೀ ಅನುಕೂಲದ ಬಾಬ್ತು 708 ರೂಪಾಯಿ. ವಾಪಸು ಬಂದದ್ದು 5,998 ಮಾತ್ರ. ಬಿಸಿಲಲ್ಲಿ ನಿಂತು ಮನೆಗೆ ಮರಳಿದವರಿಂದ ಅನುಕೂಲದ ಹೆಸರಿನಲ್ಲಿ 708 ರೂಪಾಯಿ ಹಿಡಿದುಕೊಳ್ಳಲು ಧೈರ್ಯವೇ ಬೇಕು. ಬಸ್ಸು, ರೂಮು, ಆಟೋಗಳ ಲೆಕ್ಕ ನೀವು ಬರೆದಿದ್ದೀರಿ. ಅದನ್ನಂತೂ ಯಾರೂ ಕೇಳಿಯೇ ಇಲ್ಲ.

ಕಾರಣವೇನೆಂದು ನಾವೂ ವಿಚಾರಿಸಿದೆವು. ಸಂಘಟಕರ ಕಡೆಯವರು ಗಾಯಕರಿಗೆ ಹುಷಾರಿಲ್ಲ ಎಂದರು. ಗಾಯಕರ ಕಡೆಯವರು ವೇದಿಕೆಯ ಕೆಲಸವೇ ಮುಗಿದಿರಲಿಲ್ಲ ಎಂದರು. ಇಬ್ಬರಲ್ಲಿ ಯಾರ ಮಾತು ನಿಜವೋ, ನಿರ್ಧಾರ ಮಾತ್ರ ನಾಲ್ಕೂ ಇಪ್ಪತ್ತಕ್ಕೆ ಆಕಾಶದಿಂದ ಬಿದ್ದದ್ದಲ್ಲ. ಏಳು ಗಂಟೆಗೆ ಹಾಡು ಶುರುವಾಗಬೇಕಾದರೆ ಮಧ್ಯಾಹ್ನದ ಹೊತ್ತಿಗೆ ಸ್ಪೀಕರ್‌ಗಳು ಮೇಲೇರಿ ಸೌಂಡ್ ಚೆಕ್ ನಡೆಯಬೇಕು. ಗಂಟಲು ಕಟ್ಟಿದವರಿಗೆ ಅದು ಬೆಳಿಗ್ಗೆಯೇ ಗೊತ್ತಾಗುತ್ತದೆ. ವೇದಿಕೆ ಅರ್ಧಕ್ಕೆ ನಿಂತಿದ್ದರೆ ಮೈದಾನದಲ್ಲಿದ್ದ ಎಲ್ಲರಿಗೂ ಕಾಣುತ್ತದೆ. ಒಂದೆರಡು ತಾಸು ತಡವಾಗಿ ಶುರುಮಾಡೋಣವೆಂದರೆ, ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅಡ್ಡ ಬರುತ್ತದೆ. ಅದಕ್ಕೇ ನಮ್ಮಲ್ಲಿ ಬಯಲು ಕಾರ್ಯಕ್ರಮಗಳು ತಡವಾಗುವ ಬದಲು ಒಮ್ಮೆಲೇ ರದ್ದಾಗುತ್ತವೆ. ‘ಹೇಗಾದರೂ ಆದೀತು’ ಎಂದು ಕಾಯುತ್ತ ಕೂತವರು ಕಾದದ್ದು ನಿಮ್ಮ ಸಮಯದ ಖರ್ಚಿನಲ್ಲಿ. ನನ್ನ ತಕರಾರು ಇರುವುದು ಇಲ್ಲಿ.

ಗಾಯಕ ‘ಇವತ್ತು ಹಾಡಲಾರೆ’ ಎನ್ನುವ ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ನಮ್ಮ ಕುಮಾರ ಗಂಧರ್ವ, ಇಪ್ಪತ್ತರ ಹರೆಯದಲ್ಲೇ ಕ್ಷಯಕ್ಕೆ ಸಿಕ್ಕಿ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಐವತ್ತರ ದಶಕದ ಆರಂಭದಲ್ಲಿ ಎದ್ದು ಬಂದವರು 1992ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. ಅವರ ನಿರ್ಗುಣ ಭಜನೆಗಳೆಲ್ಲ ನಮಗೆ ದಕ್ಕಿದ್ದು ಆ ಮೌನದ ಆಚೆಗೆ. ಅಭಿಮಾನಿಗಳಿಗೆ ಬೇಸರವಾದೀತೆಂದು ಅವರು ನಡುವೆಯೇ ವೇದಿಕೆ ಹತ್ತಿದ್ದರೆ?

ಹತ್ತಿದವರೂ ಇದ್ದಾರೆ. 2022ರ ಮೇ 31ರಂದು ಕೋಲ್ಕತ್ತದ ನಜರುಲ್ ಮಂಚ್‌ನಲ್ಲಿ ಕಾಲೇಜೊಂದರ ಉತ್ಸವಕ್ಕೆ ಹಾಡಿದ ಹಿಂದಿ ಸಿನಿಮಾ ಗಾಯಕ ಕೆಕೆ, ಹೋಟೆಲಿಗೆ ಮರಳಿದ ಮೇಲೆ ಕುಸಿದು ತೀರಿಕೊಂಡರು. ವಯಸ್ಸು 53. ಕಿಕ್ಕಿರಿದ ಸಭಾಂಗಣದಲ್ಲಿ ಅವರು ಮತ್ತೆ ಮತ್ತೆ ಬೆವರು ಒರೆಸಿಕೊಳ್ಳುತ್ತಿದ್ದ ದೃಶ್ಯಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಸಾವು ಹೃದಯದ ತೊಂದರೆಯಿಂದ ಆದದ್ದು. ಸೆಕೆಯೇ ಕೊಂದಿತು ಎಂದು ನಾನು ಹೇಳಲಾರೆ. ಇಷ್ಟಂತೂ ಹೇಳಬಲ್ಲೆ: ಅವರು ಆ ಸಂಜೆ ಮೂರು ಹಾಡಿಗೇ ಮೈಕ್ ಕೆಳಗಿಟ್ಟು ಹೋಗಿದ್ದರೆ, ಮರುದಿನ ಸಂತಾಪ ಸೂಚಿಸಿದವರಲ್ಲಿ ಎಷ್ಟೋ ಜನ ಅಂದೇ ರಾತ್ರಿ ಅವರ ಜನ್ಮ ಜಾಲಾಡುತ್ತಿದ್ದರು.

ಇನ್ನು ಸುದ್ದಿ ಮುಟ್ಟಿಸುವ ರೀತಿ. 2022ರ ಜನವರಿಯಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಶುರುವಾಗಬೇಕಿದ್ದ ಕಾರ್ಯಕ್ರಮ ಸರಣಿಯನ್ನು ಒಂದೇ ದಿನ ಮುಂಚೆ ಮುಂದೂಡಿದರು. ಸಾಮಗ್ರಿ ಬಂದಿಲ್ಲ, ತಂಡದ ಅರ್ಧದಷ್ಟು ಜನಕ್ಕೆ ಕೋವಿಡ್. ಹೊತ್ತಿಗೆ ಮುಂಚೆ ಹೇಳಿದರು ಎನ್ನುವಂತಿಲ್ಲ. ಎಷ್ಟೋ ಅಭಿಮಾನಿಗಳು ವಿಮಾನ ಹತ್ತಿ ಆಗಿತ್ತು, ಅವರು ಬೈದರು, ಬೈದದ್ದು ಸರಿಯೇ. ಆದರೆ ಆಕೆ ವಿಡಿಯೊದಲ್ಲಿ ತಾನೇ ಬಂದು, ಅಳುತ್ತಲೇ, ಏನಾಯಿತೆಂದು ಬಿಡಿಸಿ ಹೇಳಿದರು. ಊರಿಗೆ ಬಂದಿಳಿದಿದ್ದ ಕೆಲವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿದರು. ನವೆಂಬರ್‌ನಲ್ಲಿ ಬಂದು ಹಾಡಿದರು. ‘ಅನಿವಾರ್ಯ ಕಾರಣ’ ಎಂಬ ಎರಡು ಪದದ ಹಿಂದೆ ಯಾರೂ ಅಡಗಿ ಕೂರಲಿಲ್ಲ.

ಹೇಳದೆ ಕಾಯಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ, ಅದರ ಉತ್ತರಾರ್ಧ ಬೆಂಗಳೂರಿನಲ್ಲೇ ನಡೆದದ್ದು. 2011ರ ಅಕ್ಟೋಬರ್ 28. ಅಮೆರಿಕದ ಹೆವಿ ಮೆಟಲ್ ಸಂಗೀತ ತಂಡ ಮೆಟಾಲಿಕಾ ಭಾರತದಲ್ಲಿ ಮೊದಲ ಬಾರಿ ನುಡಿಸಬೇಕಿದ್ದುದು ಗುರುಗ್ರಾಮದ ಲೀಷರ್ ವ್ಯಾಲಿಯಲ್ಲಿ. ಆಗಿನ್ನೂ ಅದು ಗುಡ್‌ಗಾಂವ್. ಅದೇ ವಾರಾಂತ್ಯ ದೇಶದ ಮೊದಲ ಫಾರ್ಮುಲಾ ಒನ್ ರೇಸು ಬೇರೆ. ವರ್ಷಗಟ್ಟಲೆ ಕ್ಯಾಸೆಟ್ ಸವೆಸಿದವರು ದೇಶದ ಮೂಲೆಮೂಲೆಯಿಂದ ಬಂದಿದ್ದರು. ಜನರ ಒತ್ತಡಕ್ಕೆ ವೇದಿಕೆಯ ಮುಂದಿನ ಬ್ಯಾರಿಕೇಡ್ ಜಗ್ಗಿತು. ಆ ಸ್ಥಿತಿಯಲ್ಲಿ ತಂಡ ನುಡಿಸಲು ಬರುವಂತಿರಲಿಲ್ಲ. ಮುಂದೆ ನಿಂತವರು ಕಬ್ಬಿಣದ ಕಂಬಿಗೂ ಹಿಂದಿನವರ ಭಾರಕ್ಕೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದರು. ಜನ ಕಾದರು, ಕಾದರು. ಕೊನೆಗೆ ಬಂದ ಘೋಷಣೆ ‘ನಾಳೆಗೆ ಮುಂದೂಡಲಾಗಿದೆ’ ಎಂದು. ಆ ನಾಳೆ ಬರಲೇ ಇಲ್ಲ. ಹುಡುಗರು ವೇದಿಕೆಗೆ ನುಗ್ಗಿ ಪರದೆ ಹರಿದರು, ಕೈಗೆ ಸಿಕ್ಕ ಸಾಮಾನು ಒಡೆದರು. ಸಂಘಟಕರ ಕಡೆಯ ಕೆಲವರನ್ನು ಪೊಲೀಸರು ಬಂಧಿಸಿದರು.

ಎರಡೇ ದಿನ ಬಿಟ್ಟು, ಅಕ್ಟೋಬರ್ 30ರಂದು, ಅದೇ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ನಮ್ಮೂರಿನ ಇನ್ನರ್ ಸ್ಯಾಂಕ್ಟಮ್ ತಂಡದ ಹುಡುಗರೂ ಅಂದು ಅವರಿಗಿಂತ ಮೊದಲು ವೇದಿಕೆ ಹತ್ತಿದ್ದರು. ಹತ್ತಾರು ಸಾವಿರ ಜನ, ಅದೇ ಸಂಗೀತ, ಅದೇ ತಲೆ ಕುಣಿಸುವ ಹುಡುಗರು, ಅದೇ ತಂಡ. ದಿಲ್ಲಿ ಕಡೆಯವರು ಒರಟರು, ನಾವು ಸಭ್ಯರು ಎಂದು ಆಗ ಬೆಂಗಳೂರಿನವರು ಬೆನ್ನು ತಟ್ಟಿಕೊಂಡರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಇಲ್ಲಿ ಕಾರ್ಯಕ್ರಮ ನಡೆಯಿತು, ಅಲ್ಲಿ ನಡೆಯಲಿಲ್ಲ. ನಡೆಯದಿದ್ದಾಗ ಹೇಗೆ ಹೇಳುತ್ತಾರೆ ಎಂಬ ಪರೀಕ್ಷೆ ಅಂದು ಬೆಂಗಳೂರಿಗೆ ಎದುರಾಗಲೇ ಇಲ್ಲ. ನಮ್ಮ ಸಭ್ಯತೆಯ ಜಂಬ ಎಷ್ಟು ಟೊಳ್ಳೆಂದು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಹನ್ನೊಂದು ಜೀವ ಹೋದಾಗ ಗೊತ್ತಾಯಿತು. ಅಂದು ಯಾರಾದರೂ ಬೆಳಿಗ್ಗೆಯೇ ‘ಇವತ್ತು ಬೇಡ’ ಎಂದಿದ್ದರೆ ಅವರಿಗೂ ಬೈಗುಳವೇ ಸಿಗುತ್ತಿತ್ತು. ಆ ಬೈಗುಳ ತಿನ್ನುವವರು ಬೇಕಿತ್ತು.

ಮುಂದೂಡಿದ ಕಾರ್ಯಕ್ರಮದ ಕಥೆಯೂ ಒಂದಿದೆ. 2023ರ ಆಗಸ್ಟ್ 12ರಂದು ಚೆನ್ನೈನಲ್ಲಿ ಎ.ಆರ್. ರೆಹಮಾನ್ ಅವರ ಬಯಲು ಕಾರ್ಯಕ್ರಮವಿತ್ತು. ಮಳೆಯಿಂದಾಗಿ ಅದೇ ದಿನ ಮುಂದೂಡಿದರು. ಜನ ಗೊಣಗಿದರು. ಸೆಪ್ಟೆಂಬರ್ 10ರಂದು, ಈಸಿಆರ್ ರಸ್ತೆಯ ಮೈದಾನದಲ್ಲಿ ಅದು ನಡೆದೂ ನಡೆಯಿತು, ಆದರೆ ಟಿಕೆಟ್ ಕೈಯಲ್ಲಿ ಹಿಡಿದವರೇ ಒಳಗೆ ಹೋಗಲಾಗದೆ ವಾಪಸಾದರು, ಮಕ್ಕಳನ್ನು ಕರೆತಂದವರು ನೂಕುನುಗ್ಗಲಿಗೆ ಸಿಕ್ಕರು, ಹೆಂಗಸರು ಕಿರುಕುಳದ ದೂರು ಹೇಳಿದರು. ಮುಂದೂಡಿದ ದಿನಕ್ಕಿಂತ ನಡೆದ ದಿನವೇ ಜನರನ್ನು ಹೆಚ್ಚು ನೋಯಿಸಿತು. ಒಳಗೆ ಬರಲಾಗದವರು ಟಿಕೆಟಿನ ಪ್ರತಿ ಕಳಿಸಿ ಎಂದು ರೆಹಮಾನ್ ತಾವೇ ಕೇಳಿಕೊಂಡರು, ಸಂಘಟಕರೂ ಹೊಣೆ ತಮ್ಮದೆಂದರು. ಅಷ್ಟೂ ಆಗದ ಕಡೆಗಳೇ ಹೆಚ್ಚು.

ಹಾಗಾಗಿ ನಿಮ್ಮ ಬಹಿಷ್ಕಾರದ ಪ್ರಸ್ತಾಪ ನನಗೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತೆ ಕಾಣುತ್ತದೆ. ಪೋಸ್ಟರಿನಲ್ಲಿ ಮುಖ ಗಾಯಕನದ್ದು, ಆದ್ದರಿಂದ ಉಗುಳು ಬೀಳುವುದೂ ಆ ಮುಖಕ್ಕೇ. ಟಿಕೆಟ್ ಮಾರಿದ ಕಂಪನಿಗೆ ಮುಖವೇ ಇಲ್ಲ. ಪೊಲೀಸ್, ಅಗ್ನಿಶಾಮಕ, ಧ್ವನಿವರ್ಧಕದ ಅನುಮತಿ ಕೈಗೆ ಬರುವ ಎಷ್ಟೋ ಮೊದಲೇ ಟಿಕೆಟ್ ಮಾರಾಟಕ್ಕಿಡುವುದು ಈ ವ್ಯವಹಾರದಲ್ಲಿ ಮಾಮೂಲು. ಬಂದ ಹಣದಲ್ಲಿ ಕಲಾವಿದನಿಗೆ ಮುಂಗಡ, ಲೈಟಿನವನಿಗೆ ಮುಂಗಡ. ಎಲ್ಲೋ ಒಂದು ಕಡೆ ಬಾಕಿ ನಿಂತರೆ ಪೆಂಡಾಲಿನವನು ಕೈ ಎತ್ತುತ್ತಾನೆ. ಕಲಾವಿದರೆಲ್ಲ ಹಾಲಿನಲ್ಲಿ ತೊಳೆದವರೆಂದು ನಾನು ವಾದಿಸುತ್ತಿಲ್ಲ. ಸೋಮಾರಿತನಕ್ಕೆ, ಜಂಬಕ್ಕೆ, ಹೆಚ್ಚು ದುಡ್ಡಿನ ಮದುವೆ ಮನೆ ಸಿಕ್ಕಿತೆಂಬುದಕ್ಕೆ ಕೈಕೊಟ್ಟವರೂ ಇದ್ದಾರೆ. ಅಂಥವರಿಗೆ ಬಹಿಷ್ಕಾರ ತಾನಾಗಿಯೇ ಒದಗುತ್ತದೆ, ಮುಂದಿನ ಸಲ ಮುಂಗಡ ಕೊಡಲು ಯಾರೂ ಬರುವುದಿಲ್ಲ.

‘ನಮ್ಮ ಅಪ್ಪನ ಕಾಲದ ಸಭೆಗಳಲ್ಲಿ ಹೀಗಾಗುತ್ತಿರಲಿಲ್ಲ’ ಎಂದಿದ್ದೀರಿ. ಆಗುತ್ತಿತ್ತು. ಹಿಂದೂಸ್ತಾನಿ ಗಾಯಕಿ ಕಿಶೋರಿ ಅಮೋಣ್ಕರ್ ಅವರ ಕಛೇರಿಗೆ ಹೋಗುವವರು, ಅವರು ತಡವಾಗಿ ಬರಬಹುದು, ಬಂದರೂ ಸಭಿಕರ ಮೇಲೆ ರೇಗಬಹುದು ಎಂಬುದನ್ನು ತಿಳಿದೇ ಹೋಗುತ್ತಿದ್ದರು. ಆದರೂ ಒಂದು ವ್ಯತ್ಯಾಸವಿತ್ತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿಗೋ, ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವಕ್ಕೋ ಹೋಗುತ್ತಿದ್ದವರು ಒಂದು ಸಂಜೆಯ ಸಂಗೀತಕ್ಕೆ ಹೋಗುತ್ತಿದ್ದರು. ಸಣ್ಣಪುಟ್ಟ ಸಭೆಗಳಲ್ಲಂತೂ ಬಾಗಿಲ ಬಳಿಯ ಕರಿಹಲಗೆಯ ಮೇಲೆ ‘ಅನಾರೋಗ್ಯ ನಿಮಿತ್ತ’ ಎಂದು ಸೀಮೆಸುಣ್ಣದಲ್ಲಿ ಬರೆದು, ಕೆಳಗೆ ಬದಲಿ ಗಾಯಕರ ಹೆಸರು ಹಾಕಿರುತ್ತಿದ್ದರು. ಕಾರ್ಯದರ್ಶಿ ಪಕ್ಕದಲ್ಲೇ ಕೈಮುಗಿದು ನಿಂತು, ‘ಬೆಳಿಗ್ಗೆಯಿಂದ ಗಂಟಲು ಬಿಟ್ಟಿಲ್ಲವಂತೆ, ಈ ಹುಡುಗಿ ಚೆನ್ನಾಗಿ ಹಾಡ್ತಾಳೆ, ಕೂತ್ಕೊಳಿ’ ಎನ್ನುತ್ತಿದ್ದರು. ಕೆಲವರು ಗೊಣಗುತ್ತ ಹೋಗುತ್ತಿದ್ದರು, ಬಹಳ ಜನ ಕೂರುತ್ತಿದ್ದರು. ನ್ಯೂಯಾರ್ಕಿನಲ್ಲೂ ಹೀಗೇ ಆದದ್ದಿದೆ. 1943ರ ನವೆಂಬರ್ 14ರಂದು ವಾದ್ಯವೃಂದ ನಡೆಸಬೇಕಿದ್ದ ಬ್ರೂನೊ ವಾಲ್ಟರ್‌ಗೆ ಹುಷಾರು ತಪ್ಪಿದಾಗ, 25 ವರ್ಷದ ಲೆನರ್ಡ್ ಬರ್ನ್‌ಸ್ಟೈನ್ ರಿಹರ್ಸಲ್ಲೇ ಇಲ್ಲದೆ ಕಾರ್ನೆಗಿ ಹಾಲ್‌ನಲ್ಲಿ ಅದನ್ನು ನಡೆಸಿ ಮರುದಿನಕ್ಕೆ ಹೆಸರುವಾಸಿಯಾದರು.

ನಿಮ್ಮ ಮಗಳ ಕಾರ್ಯಕ್ರಮಕ್ಕೆ ಈ ದಾರಿ ಇರಲಿಲ್ಲ. ಅವಳು ಟಿಕೆಟ್ ಕೊಂಡದ್ದು ಒಬ್ಬ ವ್ಯಕ್ತಿಗೆ. ಅವನ ಜಾಗದಲ್ಲಿ ಇನ್ನಾರನ್ನು ನಿಲ್ಲಿಸಿದ್ದರೂ ಬಾಟಲಿ ತೂರುತ್ತಿದ್ದರು. ಬದಲಿ ಕೊಡಲಾಗದ ಸರಕನ್ನು ಮಾರುವವರಿಗೆ ಬೇಗ ಹೇಳುವ ಹೊಣೆ ಇನ್ನೂ ಹೆಚ್ಚು. ‘ಇಷ್ಟಾದ ಮೇಲೂ ಅವಳು ಅವನ ಹಾಡನ್ನೇ ಕೇಳುತ್ತಿದ್ದಾಳೆ, ಮತ್ತೆ ಬಂದರೆ ಹೋಗುತ್ತಾಳಂತೆ’ ಎಂದು ಬೇಸರಪಟ್ಟು ಬರೆದಿದ್ದೀರಿ. ಕೇಳಲಿ ಬಿಡಿ. ಹಾಡು ನಿಮಗೇನೂ ಬಾಕಿ ಉಳಿಸಿಕೊಂಡಿಲ್ಲ.

ಬಾಕಿ ಇರುವವರನ್ನು ಹಿಡಿಯೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಬೆಂಗಳೂರಿಗೆ ಅಲೆಯಬೇಕಿಲ್ಲ. ವಾಸವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಅವಕಾಶವಿದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ; ಎಷ್ಟೋ ಕಂಪನಿಗಳು ಆ ಹಂತದಲ್ಲೇ ದಾರಿಗೆ ಬರುತ್ತವೆ. ಸಂಘಟಕರು, ಟಿಕೆಟ್ ಮಾರಿದವರು ಇಬ್ಬರಿಗೂ ಲಿಖಿತವಾಗಿ ಕೇಳಿ. 708 ರೂಪಾಯಿಯನ್ನು ಮೊದಲು ಬರೆಯಿರಿ, ಆಮೇಲೆ ಬಸ್ಸು, ರೂಮು. ಪ್ರಯಾಣದ ಖರ್ಚು ಕೊಡಿಸುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು, ಆದರೆ ಬಿಲ್ಲು ಲಗತ್ತಿಸಿ ಕೇಳದಿದ್ದರೆ ಕೊಡಿಸುವ ಪ್ರಶ್ನೆಯೇ ಬರುವುದಿಲ್ಲ. ರದ್ದಾದ ಸುದ್ದಿಯ ಸ್ಕ್ರೀನ್‌ಶಾಟ್‌ನಲ್ಲಿ ಸಮಯ ಕಾಣುವಂತಿರಲಿ. ನಿಮ್ಮ ಫೋನಿಗೆ ಅಧಿಕೃತ ಎಸ್ಸೆಮ್ಮೆಸ್ ಬಂದದ್ದು ಸಂಜೆ ಆರೂ ಹತ್ತಕ್ಕೆ ಎಂದು ಬರೆದಿದ್ದೀರಲ್ಲ, ಅದನ್ನು ಅಳಿಸಬೇಡಿ. ನಿಮ್ಮ ದೂರಿನಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ನಮ್ಮ ಕಡೆಯಿಂದ ಇಷ್ಟು ಮಾಡುತ್ತೇವೆ. ಮುಂದಿನ ಸಂಚಿಕೆಯಿಂದ ಟಿಕೆಟ್ ಇರುವ ಕಾರ್ಯಕ್ರಮಗಳ ಪ್ರಕಟಣೆ ಕಳಿಸುವ ಸಂಘಟಕರಿಗೆ, ಅನುಮತಿಗಳು ಕೈಗೆ ಬಂದಿವೆಯೇ, ರದ್ದಾದರೆ ಬುಕಿಂಗ್ ಶುಲ್ಕವೂ ವಾಪಸೇ ಎಂದು ಕೇಳುತ್ತೇವೆ. ಉತ್ತರ ಬಾರದಿದ್ದರೆ ಪ್ರಕಟಣೆಯ ಕೆಳಗೆ ‘ಉತ್ತರಿಸಿಲ್ಲ’ ಎಂದು ಅಚ್ಚಾಗುತ್ತದೆ. ಜಾಹೀರಾತು ವಿಭಾಗದವರು ಈಗಾಗಲೇ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆಯೋಗದ ನೋಟಿಸಿಗೆ ಆ ಕಂಪನಿಯವರು ಏನು ಉತ್ತರ ಕೊಟ್ಟರೆಂದು ತಿಳಿಸಿ, ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

- ಸಂ.