ಚೆನ್ನೈಯಲ್ಲಿ ಕೊರಿಯನ್ ಊಟ: ಅಮ್ಮನ ಜೊತೆ ಹೋಗುವವರಿಗೆ

ಉಡುಪಿಯಿಂದ ಚೆನ್ನೈಗೆ ಹೊರಟಿದ್ದೇವೆ, ಒಳ್ಳೆ ಕೊರಿಯನ್ ಹೋಟೆಲ್ ಪತ್ತೆ ಮಾಡುವುದು ಹೇಗೆ, ಸಸ್ಯಾಹಾರಿ ಅಮ್ಮನಿಗೆ ಏನಾದ್ರೂ ಸಿಗ್ತದಾ ಅಂತ ಕೇಳಿದ್ದೀರಿ. ಸರಿಯಾದ ಊರಿಗೇ ಹೊರಟಿದ್ದೀರಿ ಮಾರಾಯ್ರೆ! ಶ್ರೀಪೆರಂಬುದೂರಿನ ಹತ್ತಿರ ಹ್ಯುಂಡೈ ಕಾರ್ಖಾನೆ 1998ರಿಂದ ಕಾರು ಮಾಡ್ತಾ ಉಂಟು. ಕೆಲಸಕ್ಕೆ ಬಂದ ಕೊರಿಯನ್ನರ ಹಿಂದೆಯೇ ಅವರ ಅಡುಗೆಯೂ ಬಂತು. ಫೋಟೋ ನೋಡಿ ಮರುಳಾಗಬೇಡಿ, ಕೊರಿಯನ್ ಕುಟುಂಬಗಳು ಊಟಕ್ಕೆ ಕೂತಿದ್ದಾರಾ ನೋಡಿ. ಬಾಂಚಾನ್ ಅಂದ್ರೆ ಊಟದ ಜೊತೆ ಪುಟ್ಟ ಬಟ್ಟಲುಗಳಲ್ಲಿ ಬರುವ ನೆಂಜಿಕೆಗಳು. ಮುಗಿದರೆ ನಮ್ಮ ಮಠದ ಊಟದ ಹಾಗೆ ಮತ್ತೆ ಬಡಿಸಬೇಕು. ಅದಕ್ಕೂ ದುಡ್ಡು ಕೇಳುವ ಜಾಗ ನನಗಂತೂ ಬೇಡ.

ಅಮ್ಮನ ವಿಷಯದಲ್ಲಿ ಜಾಗ್ರತೆ: ಕಿಮ್ಚಿ ಬರೀ ಎಲೆಕೋಸಿನ ಉಪ್ಪಿನಕಾಯಿ ಅಲ್ಲ, ಸಾಮಾನ್ಯವಾಗಿ ಅದಕ್ಕೆ ಉಪ್ಪು ಹಾಕಿಟ್ಟ ಸಿಗಡಿಯೋ ಮೀನಿನ ಸಾಸೋ ಬೀಳ್ತದೆ. ಅನ್ನದ ಮೇಲೆ ತರಕಾರಿ ಹಾಕಿ ಕಲಸಿ ತಿನ್ನುವ ಬಿಬಿಂಬಾಪ್ ಹೇಳಿ, ಮೊಟ್ಟೆ ಮಾಂಸ ಬೇಡ ಅಂತ ಮೊದಲೇ ತಿಳಿಸಿ.