ಲೀವ್ ಹಾಕಿದೆ, ಎಲ್ಲಿ ಹಾಕಿದೆ?

ಓದುಗರು ಕೇಳಿದ್ದು, ಮೇಷ್ಟ್ರು ಹೇಳಿದ್ದು

ಪ್ರಶ್ನೆ: ಮೇಷ್ಟ್ರೇ, ಎಂ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಗ್ರಾಮರ್ ಚೆನ್ನಾಗಿಯೇ ಬರುತ್ತದೆ, ಟೆನ್ಸ್ ತಪ್ಪುವುದಿಲ್ಲ. ಆದರೆ ಮೊನ್ನೆ ಮೀಟಿಂಗ್‌ನಲ್ಲಿ 'ಐ ಪುಟ್ ಲೀವ್ ಆನ್ ಫ್ರೈಡೇ' ಅಂದಾಗ ಒಬ್ಬರು ಮುಸಿಮುಸಿ ನಕ್ಕರು. ಇನ್ನೊಂದು ದಿನ 'ಐ ಡಿಡ್ ಎ ಮಿಸ್ಟೇಕ್' ಅಂದೆ, ಎಲ್ಲರೆದುರೇ ತಿದ್ದಿದರು. ಒಂದೊಂದು ಪದವೂ ಸರಿಯಾಗಿಯೇ ಇದೆಯಲ್ಲ, ತಪ್ಪು ಎಲ್ಲಿದೆ?
– ಹೆಸರು ಬೇಡ ಎಂದವರು, ಹಾವೇರಿ ಕಡೆಯವರು

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ. ನಿನ್ನ ಕಾಗದ ಓದಿ ನಾನೂ ನಕ್ಕೆ. ಆದರೆ ನಕ್ಕಿದ್ದು ನನ್ನನ್ನೇ ನೆನೆಸಿಕೊಂಡು.

1984ರಲ್ಲಿ, ಮೇಷ್ಟ್ರಾದ ಹೊಸದರಲ್ಲಿ, ನನ್ನನ್ನು ಇಂಗ್ಲಿಷ್ ತರಬೇತಿಗೆ ಕಳಿಸಿದ್ದರು. ನಡುವೆ ಒಂದು ದಿನ ಊರಿಗೆ ಹೋಗಿ ಬಂದೆ. ಮರುದಿನ ತರಬೇತಿಯವರು ಎಲ್ಲಿ ಹೋಗಿದ್ದೆ ಅಂತ ಕೇಳಿದರು. ನಾನು ಎದ್ದು ನಿಂತು, ಎದೆಯುಬ್ಬಿಸಿ, 'ಐ ಪುಟ್ ಲೀವ್ ಸರ್' ಅಂದೆ. ಅವರು ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ 'ವೇರ್?' ಅಂದರು. ಎಲ್ಲಿಟ್ಟೆ ಅಂತ! ನಾನು ಪೆದ್ದನ ಹಾಗೆ 'ಇನ್ ದ ಆಫೀಸ್ ಸರ್' ಅಂದುಬಿಟ್ಟೆ. ಆಮೇಲೆ ಎರಡು ದಿನ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ತಪ್ಪು ಪದದಲ್ಲಿಲ್ಲ, ಗ್ರಾಮರಿನಲ್ಲೂ ಇಲ್ಲ. ಜೋಡಿಯಲ್ಲಿದೆ. ಜೋಡಿ ಮಾಡಿದ್ದು ನಮ್ಮ ಕನ್ನಡದ 'ಹಾಕು'. ಬೆಳಿಗ್ಗೆ ಎದ್ದು ಲೈಟ್ ಹಾಕುತ್ತೇವೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಹಾಕುತ್ತೇವೆ. ಚಪ್ಪಲಿ ಹಾಕಿಕೊಂಡು, ಬೀಗ ಹಾಕಿ ಹೊರಡುತ್ತೇವೆ. ಆಫೀಸಿನಲ್ಲಿ ಸಹಿ ಹಾಕುತ್ತೇವೆ, ಬೇಜಾರಾದರೆ ರಜೆ ಹಾಕುತ್ತೇವೆ. ಇನ್ನೂ ಮಜಾ ನೋಡು: ಲೈಟ್ ಹಾಕು ಅಂದರೆ ಅದು ಉರಿಯಬೇಕು, ಬಾಗಿಲು ಹಾಕು ಅಂದರೆ ಅದು ಮುಚ್ಚಬೇಕು. ನಮಗೆ ಯಾವ ಗೊಂದಲವೂ ಇಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದ. ಲೈಟಿಗೆ 'ಟರ್ನ್ ಆನ್', ರಂಗೋಲಿಗೆ 'ಡ್ರಾ', ಬಾಗಿಲಿಗೆ 'ಕ್ಲೋಸ್', ಬೀಗಕ್ಕೆ 'ಲಾಕ್', ಸಹಿಗೆ ಬರೀ 'ಸೈನ್'. ಚಪ್ಪಲಿಗೆ ಮಾತ್ರ 'ಪುಟ್ ಆನ್', ಅಲ್ಲಿ ನಮ್ಮ ಹಾಕು ಹೆಚ್ಚುಕಡಿಮೆ ಉಳಿದುಕೊಂಡಿದೆ. ರಜೆಗೆ ಅರ್ಜಿ ಕೊಡುವುದು 'ಅಪ್ಲೈ ಫಾರ್ ಲೀವ್', ಆ ದಿನ ಬರದೇ ಇರುವುದು 'ಟೇಕ್ ದ ಡೇ ಆಫ್'. ನೀನು ಹೇಳಬೇಕಾಗಿದ್ದು 'ಐ ಟುಕ್ ಫ್ರೈಡೇ ಆಫ್', ಅಷ್ಟೆ.

'ಮಾಡು' ಕೂಡ ಇದೇ ಜಾತಿ. ಹೋಂವರ್ಕ್ ಮಾಡಿದರೆ 'ಡೂ', ತಪ್ಪು ಮಾಡಿದರೆ 'ಮೇಕ್', ಊಟ ಮಾಡಿದರೆ 'ಹ್ಯಾವ್', ಸಾಲ ಮಾಡಿದರೆ 'ಟೇಕ್'. ನಾವು ಸಾಲ 'ಮಾಡುತ್ತೇವೆ', ಅವರು 'ತಗೊಳ್ಳುತ್ತಾರೆ'. ತೀರಿಸುವ ಕಷ್ಟ ಮಾತ್ರ ಇಬ್ಬರಿಗೂ ಒಂದೇ.

ಈಗ ಇದನ್ನೇ ತಿರುಗಿಸಿ ನೋಡು. ಕನ್ನಡ ಕಲಿಯುತ್ತಿರುವ ಒಬ್ಬ ಇಂಗ್ಲಿಷಿನವರು 'ಆ ಹುಡುಗಿ ಮಲ್ಲಿಗೆ ಹೂ ಉಟ್ಟಿದ್ದಾಳೆ, ಸೀರೆ ಮುಡಿದಿದ್ದಾಳೆ' ಅಂದರೆ ನಿನಗೆ ನಗು ಬರುವುದಿಲ್ಲವಾ? ಅವರ ತಪ್ಪೇನೂ ಇಲ್ಲ ಪಾಪ. ಅವರಿಗೆ ಸೀರೆಗೂ ಹೂವಿಗೂ ಬೊಟ್ಟಿಗೂ ಕನ್ನಡಕಕ್ಕೂ ವಾಚಿಗೂ ಒಂದೇ 'ವೇರ್'. ನಾವು ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಬೊಟ್ಟು ಇಡುತ್ತೇವೆ, ಬಳೆ ತೊಡುತ್ತೇವೆ. ಇದನ್ನು ನಿನಗೆ ಯಾರಾದರೂ ಕೂರಿಸಿಕೊಂಡು ಕಲಿಸಿದರಾ? ಇಲ್ಲ. ಮನೆಯಲ್ಲಿ ಸಾವಿರ ಸಲ ಕಿವಿಗೆ ಬಿದ್ದಿದೆ.

ಇಂಗ್ಲಿಷ್ ಜೋಡಿ ಕೂಡ ಕಿವಿಯಿಂದಲೇ ಬರುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಾಕ್ಷಿ ಇದೆ. ನಮ್ಮ ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರು. ಕನ್ನಡದಲ್ಲಿ ಅವರು ಹೇಳುವುದು 'ಲೋ, ಕ್ಯಾಚ್ ಬಿಟ್ಟ ಕಣೋ'. ಆದರೆ ಇಂಗ್ಲಿಷಿನಲ್ಲಿ ಹೇಳು ಅಂದರೆ ಒಬ್ಬನೂ 'ಹಿ ಲೆಫ್ಟ್ ದ ಕ್ಯಾಚ್' ಅನ್ನುವುದಿಲ್ಲ. 'ಡ್ರಾಪ್ಡ್ ದ ಕ್ಯಾಚ್' ಅಂತಲೇ ಬಾಯಿಗೆ ಬರುತ್ತದೆ. ರನ್ 'ಹೊಡೆಯುವುದು' ಅವರ ಬಾಯಲ್ಲಿ 'ಸ್ಕೋರ್' ಆಗುತ್ತದೆ, ವಿಕೆಟ್ 'ತೆಗೆಯುವುದು' 'ಟೇಕ್' ಆಗುತ್ತದೆ. ಇವರಲ್ಲಿ ಇಬ್ಬರು ಇಂಗ್ಲಿಷ್ ಪೇಪರಿನಲ್ಲಿ ಫೇಲಾದವರು! ಕಾಮೆಂಟರಿಯವರು ಪದವನ್ನು ಬಿಡಿಬಿಡಿಯಾಗಿ ಹೇಳುವುದಿಲ್ಲ, ಇಡೀ ಜೋಡಿಯನ್ನೇ ಹೇಳುತ್ತಾರೆ, ಅದನ್ನೇ ದಿನಕ್ಕೆ ಹತ್ತಾರು ಸಲ ಹೇಳುತ್ತಾರೆ. ಹುಡುಗರು ಹಾಗೇ ಎತ್ತಿಕೊಂಡಿದ್ದಾರೆ. ನಾವು ಮೇಷ್ಟ್ರುಗಳು ಮಾಡಿದ ತಪ್ಪು ಏನು ಗೊತ್ತಾ? ಪದ ಒಂದು ಕಡೆ, ಅರ್ಥ ಒಂದು ಕಡೆ ಬರೆಸಿ ಉರು ಹೊಡೆಸಿದೆವು. 'ಪುಟ್ ಎಂದರೆ ಹಾಕು' ಅಂತ ನಿನಗೆ ಬರೆಸಿದವರು ನನ್ನಂಥವರೇ.

ಹಾಗಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೋ. ಪುಟದ ಮೇಲೆ ಒಂದು ಕನ್ನಡದ ಕ್ರಿಯಾಪದ ಬರೆ: ಹಾಕು, ಮಾಡು, ಕೊಡು, ಹಿಡಿ, ತೆಗೆ. ಬಹುತೇಕ ಎಡವಟ್ಟು ಈ ಐದರಲ್ಲೇ ಇದೆ. ಆಫೀಸಿನ ಮೇಲ್‌ಗಳನ್ನು ಓದುವಾಗ ಜೋಡಿ ಸಿಕ್ಕರೆ ಆ ಪುಟಕ್ಕೆ ಸೇರಿಸು. 'ಗಮನ ಕೊಡು' ಎದುರಿಗೆ 'ಪೇ ಅಟೆನ್ಷನ್'. 'ಫೋಟೋ ತೆಗೆ' ಎದುರಿಗೆ 'ಟೇಕ್ ಎ ಫೋಟೋ'. 'ನೆಗಡಿ ಹಿಡಿದಿದೆ' ಬರೆಯುವಾಗ ಹುಷಾರು. ಕನ್ನಡದಲ್ಲಿ ನೆಗಡಿ ನಮ್ಮನ್ನು ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ನಾವೇ ಓಡಿಹೋಗಿ ಅದನ್ನು ಹಿಡಿದ ಹಾಗೆ, 'ಐ ಕಾಟ್ ಎ ಕೋಲ್ಡ್'. ದಿನಕ್ಕೆ ಮೂರು ಜೋಡಿ ಸಾಕು, ಜಾಸ್ತಿ ಬೇಡ. ಬರೆದದ್ದನ್ನು ಅದೇ ವಾರ ಯಾವುದಾದರೂ ಮೇಲ್‌ನಲ್ಲಿ ಬಳಸು. ಇಲ್ಲದಿದ್ದರೆ ಅದು ಸುಮ್ನೆ ಪುಟದಲ್ಲೇ ಕೂರುತ್ತದೆ.

ನಕ್ಕವರ ವಿಷಯ ಬಿಡು. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ 'ಪುಟ್ ಲೀವ್' ದಿನಾ ಕೇಳುವ ಮಾತು. ಕ್ಯಾಂಟೀನಿನಲ್ಲಿ ಧಾರಾಳವಾಗಿ ಹೇಳು. ಹೊರದೇಶದವರಿಗೆ ಮೇಲ್ ಬರೆಯುವಾಗ ಮಾತ್ರ ಬದಲಾಯಿಸು.

ಪ್ರಶ್ನೆ: ಸರ್, ನಾನು ಪ್ರೈಮರಿ ಶಾಲೆಯ ಶಿಕ್ಷಕಿ. 'ಸ್ಟ್ರಾಂಗ್ ಕಾಫಿ' ಅನ್ನುತ್ತಾರೆ, 'ಪವರ್‌ಫುಲ್ ಕಾಫಿ' ಯಾಕೆ ಅನ್ನುವುದಿಲ್ಲ? ಇದಕ್ಕೆ ನಿಯಮ ಇದ್ದರೆ ಮಕ್ಕಳಿಗೆ ಹೇಳಿಕೊಡುತ್ತೇನೆ.
– ತುಮಕೂರು

ಉತ್ತರ: ನಿಯಮ ಇಲ್ಲ ಮೇಡಂ. ಇದ್ದಿದ್ದರೆ ನನ್ನ ನೌಕರಿ ಎಷ್ಟೋ ಸುಲಭವಾಗುತ್ತಿತ್ತು. ನೀವು ಕೇಳಿದ ಪ್ರಶ್ನೆಯನ್ನೇ ಭಾಷಾವಿಜ್ಞಾನಿ ಹ್ಯಾಲಿಡೇ 1966ರಲ್ಲಿ ಎತ್ತಿದ್ದರು. ಅವರದು ಕಾಫಿ ಅಲ್ಲ, ಟೀ. ಟೀ 'ಸ್ಟ್ರಾಂಗ್', ಕಾರು 'ಪವರ್‌ಫುಲ್'. ಅರ್ಥ ಹೆಚ್ಚುಕಡಿಮೆ ಒಂದೇ ಇದ್ದರೂ ಅದಲುಬದಲು ಮಾಡುವ ಹಾಗಿಲ್ಲ. ಇಂಥ ಜೋಡಿಗೆ 'ಕೊಲೊಕೇಷನ್' ಅನ್ನುತ್ತಾರೆ. ಹ್ಯಾಲಿಡೇ ಅವರ ಗುರು ಫರ್ತ್ ಈ ಪದಕ್ಕೆ ಹೆಸರು ತಂದುಕೊಟ್ಟವರು. ಅವರು 1919ರಿಂದ 1928ರವರೆಗೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದರು. ಅಲ್ಲಿನ ಹುಡುಗರ ಇಂಗ್ಲಿಷ್ ಕೇಳಿಯೇ ಅವರಿಗೆ ಇದು ಹೊಳೆದಿರಬಹುದಾ ಅಂತ ನನಗೊಂದು ತುಂಟ ಅನುಮಾನ. ಕಲಿಯುವವರಿಗಾಗಿ ಇಂಥ ಜೋಡಿಗಳನ್ನು ಪಟ್ಟಿ ಮಾಡಿದ ಕೆಲಸ ಹ್ಯಾಲಿಡೇ ಅವರ ಈ ಮಾತಿಗಿಂತ ಹಳೆಯದು. ಇಂಗ್ಲಿಷ್ ಕಲಿಸುವ ವಿಧಾನದ ತಜ್ಞ ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೋದಲ್ಲಿ ಕೂತು ಅದನ್ನು ಮಾಡಿದರು, ಜಪಾನಿನ ಮಕ್ಕಳಿಗೋಸ್ಕರ.

ಮಕ್ಕಳಿಗೆ ನಿಯಮದ ಬದಲು ನಮ್ಮ 'ಜೋರು' ಕೊಟ್ಟು ನೋಡಿ. ಜೋರು ಮಳೆ 'ಹೆವಿ', ಜೋರು ಗಾಳಿ 'ಸ್ಟ್ರಾಂಗ್', ಜೋರು ಜ್ವರ 'ಹೈ', ಜೋರು ದನಿ 'ಲೌಡ್'. ಬೋರ್ಡಿನ ಮೇಲೆ ಒಂದು ಕಡೆ ಮಳೆ, ಗಾಳಿ, ಜ್ವರ, ದನಿ, ಇನ್ನೊಂದು ಕಡೆ ಈ ಇಂಗ್ಲಿಷ್ ಪದಗಳನ್ನು ಬರೆದು ಗೆರೆ ಎಳೆಸಿ. ಮೂರನೇ ಕ್ಲಾಸಿನ ಮಕ್ಕಳೂ ಖುಷಿಯಿಂದ ಮಾಡುತ್ತವೆ.

ಪ್ರಶ್ನೆ: ಮಗಳು ಪಿಯುಸಿ. ಇದಕ್ಕೆಂದೇ ಬೇರೆ ಡಿಕ್ಷನರಿ ಕೊಡಿಸಬೇಕಾ?
– ಚಿತ್ರದುರ್ಗ

ಉತ್ತರ: ಜೋಡಿಪದಗಳಿಗೆಂದೇ ಡಿಕ್ಷನರಿಗಳಿವೆ, ಆಕ್ಸ್‌ಫರ್ಡ್‌ನದು 2002ರಲ್ಲಿ ಮೊದಲು ಬಂತು. ಈಗಲೇ ದುಡ್ಡು ಹಾಕಬೇಡಿ (ನೋಡಿ, ಮತ್ತೆ ಹಾಕು!). ಮನೆಯಲ್ಲಿ ಕಲಿಯುವವರ ಡಿಕ್ಷನರಿ ಒಂದಿದ್ದರೆ ಅದರಲ್ಲಿ ಅರ್ಥದ ಕೆಳಗೆ ಇರುವ ಉದಾಹರಣೆ ವಾಕ್ಯಗಳನ್ನು ಓದಲು ಹೇಳಿ. ಯಾರೂ ಓದುವುದಿಲ್ಲ, ಎಲ್ಲ ಅಲ್ಲೇ ಇರುತ್ತದೆ. ಹುಡುಕುವಾಗ ನಾಮಪದದಿಂದ ಶುರು ಮಾಡಲಿ. 'ಮಿಸ್ಟೇಕ್' ತೆಗೆದರೆ 'ಮೇಕ್' ಸಿಗುತ್ತದೆ. 'ಮೇಕ್' ತೆಗೆದು ಕೂತರೆ ಸಂಜೆಯಾಗುತ್ತದೆ.

ಪ್ರಶ್ನೆ: 'ರೈಟ್ ಎಗ್ಸಾಮ್', 'ಟೇಕ್ ಎ ಡಿಸಿಷನ್' ಎರಡೂ ತಪ್ಪು ಅಂತ ಸ್ನೇಹಿತ ವಾದಿಸುತ್ತಾನೆ. ನಿಜವಾ?
– ಮಂಡ್ಯ

ಉತ್ತರ: ಸ್ನೇಹಿತನಿಗೆ ಸ್ವಲ್ಪ ನಿಧಾನ ಅನ್ನಿ. 'ಟೇಕ್ ಎ ಡಿಸಿಷನ್' ಬ್ರಿಟನ್‌ನಲ್ಲೂ ಉಂಟು, 'ಮೇಕ್' ಜಾಸ್ತಿ ಬಳಕೆ, ಅಷ್ಟೆ. ಪರೀಕ್ಷೆಯನ್ನು ಅಮೆರಿಕದವರು 'ಟೇಕ್' ಮಾಡುತ್ತಾರೆ, ಬ್ರಿಟನ್‌ನವರು 'ಸಿಟ್' ಅಂತಲೂ ಅನ್ನುತ್ತಾರೆ. ನಾವು ಬರೆಯುತ್ತೇವೆ. ಕೂತುಕೊಂಡೇ ಬರೆಯುತ್ತೇವಲ್ಲ!

ಪ್ರಶ್ನೆ: ಮೇಷ್ಟ್ರೇ, 'ಫೋನ್ ಇಡ್ತೀನಿ' ಅನ್ನುವುದಕ್ಕೆ ನಾನು 'ಐ ವಿಲ್ ಕೀಪ್ ದ ಫೋನ್' ಅನ್ನುತ್ತಿದ್ದೆ. ಮಗ ಬೈದ. ಏನನ್ನಬೇಕು?
– ಧಾರವಾಡ

ಉತ್ತರ: 'ಕೀಪ್ ದ ಫೋನ್' ಅಂದರೆ ಫೋನ್ ನಾನೇ ಇಟ್ಟುಕೊಳ್ಳುತ್ತೇನೆ, ವಾಪಸ್ ಕೊಡುವುದಿಲ್ಲ ಅಂತ ಆಗುತ್ತದೆ. 'ಹ್ಯಾಂಗ್ ಅಪ್' ಅನ್ನುವ ಜೋಡಿ ಇದೆ, ಆದರೆ ಮಾತು ಮುಗಿಸುವಾಗ ಅದನ್ನೇ ಹೇಳಿದರೆ ಕೊಂಚ ಒರಟು. 'ಐ ಹ್ಯಾವ್ ಟು ಗೋ ನೌ' ಅನ್ನಿ, 'ಟಾಕ್ ಟು ಯು ಲೇಟರ್' ಅನ್ನಿ. ಇನ್ನು ನಾವು 'ಇಡ್ಲಾ?' ಅಂತ ಕೇಳಿ, ಆ ಕಡೆಯವರು 'ಹ್ಞೂಂ, ಇಡು' ಅಂದಮೇಲೆ 'ಅಂದಹಾಗೆ...' ಅಂತ ಮತ್ತೆ ಕಾಲು ಗಂಟೆ ಮಾತಾಡುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನಾನೂ ಹುಡುಕುತ್ತಲೇ ಇದ್ದೇನೆ.